ಮೊಣಕಾಲಿಗೂ ಬಾರದ ಮೇಜು

ಅಮ್ಮನ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಾಗಿತ್ತು. ನೆಲದಲ್ಲಿ ಕೂತರೆ ಮಂಡಿ ಮತ್ತೆ ಕೆಡುತ್ತದೆ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅವಳೋ, ನಾನು ತಂದ ಕೈಕುರ್ಚಿಯ ಮೇಲೆ ಒದ್ದೆ ಬಟ್ಟೆ ಹರವಿ, ಊಟದ ಹೊತ್ತಿಗೆ ಅಡಿಯಿಂದ ಕಾಯಿಸಿದ ಬೆಚ್ಚಗಿನ ನೆಲದ ಮೇಲೆ ಕುಳ್ಳ ಮೇಜಿನ ಮುಂದೆ ಕೂತುಬಿಡುತ್ತಿದ್ದಳು. ಏಳಿಸುವವಳು ನಾನು. ಕೊರಿಯಾದ ಇಂಚಾನ್ ನಗರದ ಶಾಲೆಯೊಂದರ ಅಡುಗೆಮನೆಯಲ್ಲಿ ಹಗಲೆಲ್ಲ ಅನ್ನದ ಹಂಡೆ ಎತ್ತಿ, ಸಂಜೆ ಅಮ್ಮನನ್ನು ಎತ್ತಿ, ನನ್ನ ಸೊಂಟ ಬಿದ್ದುಹೋಗಿತ್ತು. ಹೀಗೇ ಇನ್ನೊಂದು ತಿಂಗಳು ನಡೆದರೆ ನಮ್ಮಿಬ್ಬರನ್ನೂ ಎತ್ತುವವರು ಯಾರೂ ಇರಲಿಲ್ಲ.

"ಕುರ್ಚಿಗೆ ತಕ್ಕ ಮೇಜಿದ್ರೆ ಮೇಲೆ ಕೂತು ಉಣ್ತೀಯಾ?" ಎಂದೆ.

"ನೀನೇ ಮಾಡ್ಕೊಟ್ರೆ ಕೂರ್ತೀನಿ. ಅಂಗಡೀದು ತಂದ್ರೆ ಅದ್ರ ಮೇಲೂ ಬಟ್ಟೆ ಒಣಗಿಸ್ತೀನಿ."

ನನ್ನ ಕೈಲಾಗದು ಎಂಬ ಧೈರ್ಯ ಅವಳಿಗೆ. ನನಗೆ ರೇಗಿತು. ಅಳತೆ ತೆಗೆದು, ಹೇರ್‌ಪಿನ್ನಿನ ಹಾಗೆ ಬಗ್ಗಿಸಿದ ಕಬ್ಬಿಣದ ಸರಳಿನ ನಾಲ್ಕು ಕಾಲು ತರಿಸಿದೆ. ಮರದಂಗಡಿಯವನು ಪೈನ್ ಹಲಗೆ ಕೊಯ್ದು ಕೊಟ್ಟ. ನಾಲ್ಕು ಸಂಜೆ ಉಪ್ಪುಕಾಗದದಿಂದ ಉಜ್ಜಿದೆ, ಎಣ್ಣೆ ಹಚ್ಚಿದೆ. ಭಾನುವಾರ ಹಲಗೆಯನ್ನು ಬೋರಲು ಹಾಕಿ, ಮರ ಸೀಳದಂತೆ ಮೊದಲು ಸಣ್ಣ ತೂತು ಕೊರೆದು, ಹದಿನಾರು ಸ್ಕ್ರೂ ತಿರುಗಿಸಿದೆ. ಅಂಗೈಯಲ್ಲಿ ಬೊಬ್ಬೆ ಬಂತು.

ಅಮ್ಮ ಬಟ್ಟೆ ತೆಗೆದಿಟ್ಟು ಕುರ್ಚಿಯಲ್ಲಿ ಕೂತಿದ್ದಳು. ಮಾತಿಗೆ ತಪ್ಪುವವಳಲ್ಲ. ನಾನು ಮೇಜನ್ನು ನೆಟ್ಟಗೆ ಮಾಡಿ ಅವಳ ಮುಂದಿಟ್ಟೆ. ಅದು ಅವಳ ಮೊಣಕಾಲಿಗೂ ಬರಲಿಲ್ಲ.

"ಬೊಕ್ಹಿ, ಇದು ಮೇಜೇನೇ? ಕಾಲು ಚಾಚೋಕೆ ಚೆನ್ನಾಗಿದೆ."

ಆಗ ಹೊಳೆಯಿತು. ಅಳತೆ ತೆಗೆದಾಗ ನಾನು ಚಕ್ಕಳಮಕ್ಕಳ ಹಾಕಿ ನೆಲದಲ್ಲೇ ಕೂತಿದ್ದೆ. ನೆಲದಿಂದ ಮೊಣಕೈವರೆಗೆ ಟೇಪು ಹಿಡಿದಿದ್ದೆ. ಐವತ್ತನಾಲ್ಕು ವರ್ಷ ನೆಲದಲ್ಲೇ ಉಂಡ ಮೈಗೆ ಊಟದ ಮೇಜಿನ ಬೇರೆ ಅಳತೆ ಗೊತ್ತಿರಲಿಲ್ಲ. ಇಂಥ ದಡ್ಡತನಕ್ಕೆ ನಗಬೇಕಿತ್ತು, ಅಳು ಬಂತು.

ಆದರೂ ಅದರ ಮೇಲೇ ಅನ್ನ, ಮೂಲಂಗಿ ಸಾರು, ಕಿಮ್ಚಿ ಇಟ್ಟೆ. ಅಮ್ಮ ಇನ್ನೇನು ಕೆಳಗಿಳಿಯುತ್ತಾಳೆ, ಊಟ ಮುಗಿದ ಮೇಲೆ ಎತ್ತಬೇಕು ಎಂದು ಸೊಂಟದ ಪಟ್ಟಿಯನ್ನು ಬಿಗಿದುಕೊಂಡೆ. ಅವಳು ಅದನ್ನು ನೋಡಿದಳು. ಬೊಬ್ಬೆ ಬಂದ ಕೈಯನ್ನೂ ನೋಡಿದಳು.

"ಬಟ್ಟಲು ಇಲ್ಲಿ ಕೊಡು."

ಅನ್ನದ ಬಟ್ಟಲನ್ನು ಕೈಗೆತ್ತಿ ಉಣ್ಣುವುದು ತಿರುಕರ ರೀತಿ ಎಂದು ಚಿಕ್ಕಂದಿನಲ್ಲಿ ನನ್ನ ಕೈಗೆ ಚಮಚದಿಂದ ಬಾರಿಸಿದವಳು ಇವಳೇ. ಈಗ ಕುರ್ಚಿಯಿಂದ ಇಳಿಯದೆ, ಬಿಸಿ ಸ್ಟೀಲಿನ ಬಟ್ಟಲನ್ನು ಅಂಗಿಯ ತೋಳಿನಲ್ಲಿ ಹಿಡಿದು, ಎದೆಯ ಹತ್ತಿರಕ್ಕೆ ತಂದುಕೊಂಡಳು. ಕಿವಿಯೆಲ್ಲ ಕೆಂಪಾಗಿತ್ತು.

"ಆ ಕಡೆ ತಿರುಗ್ಕೊಂಡು ಉಣ್ಣೇ. ನನ್ನ ನೋಡ್ಬೇಡ."

ನಾನು ಅವಳಿಗೆ ಬೆನ್ನು ಹಾಕಿ ಕೂತು ಉಂಡೆ. ಅವತ್ತು ನಾನು ಯಾರನ್ನೂ ಎತ್ತಬೇಕಾಗಲಿಲ್ಲ.