ಬಲ ಎಂದು ಬರೆದ ಪಕಳೆ

ವಸಂತರಾಯರ ಮನೆತನದಲ್ಲಿ ದೇವರನ್ನು ಕೇಳದೆ ಯಾರೂ ಚುನಾವಣೆಗೆ ನಿಂತವರಲ್ಲ. ಮೂರ್ತಿಯ ಎದೆಗೆ ಎರಡು ಒದ್ದೆ ಪಕಳೆ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ಅಜ್ಜ ಶಾಸಕರಾದ ಕಾಲದಿಂದ ಪ್ರತಿ ಉತ್ತರವನ್ನೂ ಕೆಂಪು ರಟ್ಟಿನ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.

ಎರಡು ಸಾವಿರದ ಒಂಬತ್ತರಲ್ಲಿ ಆ ಪುಸ್ತಕ ನನ್ನ ಕೈಗೆ ಬಂತು. ಬಿ.ಎ. ಮುಗಿಸಿ ಸಂಸದ ವಸಂತರಾಯರ ಮಡಗಾಂವ್ ಕಚೇರಿಯಲ್ಲಿ ಪತ್ರ ಬರೆಯುತ್ತಿದ್ದೆ. ಅವರು ಆಯಿ ಎನ್ನುವ ತಾಯಿ ಸೀತಾಬಾಯಿಯವರ ತವರು ಬೆಳಗಾವಿ. ಕನ್ನಡ ಮಾತಾಡುವ ಆಸೆಗೇ ನನ್ನನ್ನು ಇಟ್ಟುಕೊಂಡಿದ್ದರೇನೋ. ನಾನೇ ಮಾತಾಡುತ್ತಿರಲಿಲ್ಲ.

"ಈ ಹುಡುಗಿ ಬಾಯಾಗ ಮುತ್ತು ಇಟ್ಕೊಂಡದ ನೋಡ್ರಿ," ಎಂದು ಬಂದವರೆದುರು ಹಂಗಿಸುತ್ತಿದ್ದರು.

ವಸಂತರಾಯರದೂ ಮಾತು ಕಡಿಮೆ. ಫೋಂಡಾದ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು. ಸಂಸದರಾಗಿದ್ದ ತಂದೆ ತೀರಿಕೊಂಡ ಹದಿಮೂರನೆಯ ದಿನವೇ ಪಕ್ಷದವರು ಬಂದು ಇವರನ್ನು ಉಪಚುನಾವಣೆಗೆ ಒಪ್ಪಿಸಿ ಗೆಲ್ಲಿಸಿಬಿಟ್ಟಿದ್ದರು. ಆ ಮಾರ್ಚಿನ ಒಂದು ಸಂಜೆ, ಪತ್ರಗಳಿಗೆ ಸಹಿ ಮಾಡುತ್ತ ತಾಯಿಯ ಕನ್ನಡದಲ್ಲೇ ಹೇಳಿದರು:

"ಗೌತಮಿ, ಜೂನ್‌ನಾಗ ಬಂದ್ರ ಕಾಲೇಜಿನವರು ಮತ್ತ ತಗೋತಾರಂತ. ಮತ್ತ ನಿಲ್ಲೂದಿಲ್ಲ ಅಂತ ಆಯಿಗೆ ಹೇಳಾಕ ನನ್ನಿಂದ ಆಗೂದಿಲ್ಲ. ದೇವರು ಬ್ಯಾಡ ಅಂದ್ರ ಆಕಿನೂ ಸುಮ್ಮನಾಗ್ತಾಳ."

ಏನಾದರೂ ಹೇಳಬೇಕೆನಿಸಿತು. ಲಕೋಟೆಗೆ ಅಂಟು ಹಚ್ಚಿದೆ.

ದೇವರನ್ನು ಕೇಳುವ ದಿನ ದೇವಸ್ಥಾನದಲ್ಲಿ ನಲವತ್ತು ಜನ. ಭಟರು ಪ್ರಾರ್ಥನೆ ಮುಗಿಸಿ ಆರತಿಗೆಂದು ಆಚೆ ತಿರುಗಿದರು. ಗಂಟೆ ಮೊಳಗಿತು, ಎಲ್ಲರ ತಲೆ ಬಾಗಿತು. ಪುಸ್ತಕ ಎದೆಗವಚಿಕೊಂಡಿದ್ದ ನಾನು ಬಾಗಲಿಲ್ಲ. ಎಡಗಡೆಯ ಪಕಳೆ ಜಾರಿ ಬಿತ್ತು. ಅದರ ಬೆನ್ನಿಗೇ ಬಲಗಡೆಯದು. ಭಟರು ಇತ್ತ ತಿರುಗುವಷ್ಟರಲ್ಲಿ ಎರಡೂ ಮೂರ್ತಿಯ ಪಾದದ ನೀರಿನಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡನೇ ಸಲ ಕೇಳುವ ಪದ್ಧತಿ ಆ ಮನೆಯಲ್ಲಿಲ್ಲ.

"ಯಾರರೆ ನೋಡಿದ್ರೇನು?" ಸೀತಾಬಾಯಿ ಕೇಳಿದರು. ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿದ್ದರು. "ಗೌತಮಿ, ನೀ ಮುಂದ ನಿಂತಿದ್ದಿಯಲ್ಲ. ಯಾವುದು ಮೊದಲ ಬಿತ್ತು?"

ನಲವತ್ತೂ ಮುಖಗಳು ನನ್ನ ಕಡೆ ತಿರುಗಿದವು. ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಅದೇ ಮೊದಲು. ಹಾರ ಹಿಡಿದವರು, ಪಟಾಕಿ ಸರ ಹಿಡಿದವರು. ವಸಂತರಾಯರು ಮಾತ್ರ ನೆಲ ನೋಡುತ್ತಿದ್ದರು.

"ಬಲದ್ದರಿ," ಎಂದೆ.

ಹೊರಗೆ ಪಟಾಕಿ ಹೊಡೆಯುತ್ತಿದ್ದಾಗ ಪುಸ್ತಕದಲ್ಲೂ ಹಾಗೆಯೇ ಬರೆದೆ. ಸೀತಾಬಾಯಿ ನನ್ನ ಗದ್ದ ಹಿಡಿದು, "ಅಂತೂ ಮುತ್ತು ಉದುರಿಸಿದಿ ನೋಡವ್ವಾ," ಎಂದು ನಕ್ಕರು.

ವಸಂತರಾಯರು ಗೆದ್ದರು. ಜೂನ್ ಬಂದು ಹೋಯಿತು. ಕಾಲೇಜಿಗೆ ಬೇರೆ ಯಾರೋ ಬಂದರು. ಎರಡು ವರ್ಷದಲ್ಲಿ ವಸಂತರಾಯರು ಲೋಕಸಭೆಯಲ್ಲಿ ಕೇಳಿದ್ದು ನಾಲ್ಕು ಪ್ರಶ್ನೆ. ನಾಲ್ಕೂ ನಾನು ಬರೆದುಕೊಟ್ಟವು.

ಮೊನ್ನೆ ಮಧ್ಯಾಹ್ನ, ದೆಹಲಿಗೆ ಹೊರಡುವ ಮುಂಚೆ, ಅವರು ಆ ಪುಸ್ತಕ ತರಿಸಿದರು. ನನ್ನ ಅಕ್ಷರದ ಮೇಲೆ ಬೆರಳಿಟ್ಟರು.

"ಅವತ್ತ ನಾನೂ ತಲಿ ಬಾಗಿಸಿರಲಿಲ್ಲ, ಗೌತಮಿ."

"ಮತ್ತ್ಯಾಕ್ರಿ ಸುಮ್ಮನಿದ್ರಿ?"

"ನೀ ಹೇಳ್ತಿ ಅಂತ ತಿಳದಿದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಕೆಳಗೆ ಡ್ರೈವರ್ ಹಾರ್ನ್ ಹಾಕಿದ. ಮೇಜಿನ ಮೇಲಿದ್ದ ಟಿಕೆಟ್ ಅವರ ಕೈಗಿತ್ತೆ.

"ಬರ್ತೇನಿ," ಎಂದರು.

ಈ ಸಲವಾದರೂ ತಪ್ಪಾಯಿತು ಎನ್ನಬೇಕಿತ್ತು. ತಲೆಯಾಡಿಸಿದೆ.