ಪಲ್ಕಿತಳ ಚಳಿಗಾಲದ ಶಾಲೆ

ಯುದೋನ್ ಬೆಚ್ಚನೆಯ ನೀರಿನಲ್ಲಿ ಬಟ್ಟೆ ಅದ್ದಿ ಪಲ್ಕಿತಳ ಬಿರುಕುಬಿಟ್ಟ ಹಿಮ್ಮಡಿಗಳನ್ನು ಒರೆಸುತ್ತಿದ್ದಾಗ ಕೆಳಗಿನ ರಸ್ತೆಯಲ್ಲಿ ಕಾರಿನ ಹಾರ್ನ್ ಕೇಳಿಸಿತು. ಕೋಣೆಯಲ್ಲಿದ್ದ ಉಳಿದ ಹೆಂಗಸರೆಲ್ಲ ಹೆಣವನ್ನು ಬಿಟ್ಟು ಕಿಟಕಿಗೆ ಮುತ್ತಿಕೊಂಡರು.

"ಅಂಗ್ರೂಪ್ ಮೇಷ್ಟ್ರು ಬಂದ್ರು ಕಣೇ," ಎಂದಳು ಒಬ್ಬಳು. "ಇವಳಿಗೋಸ್ಕರ ಅಷ್ಟು ದೂರದಿಂದ. ಪುಣ್ಯ ಮಾಡಿದ್ಲು."

ಯುದೋನ್ ಕಿಟಕಿಗೆ ಹೋಗದೆ, ಬಟ್ಟೆ ಹಿಂಡಿ ಇನ್ನೊಂದು ಹಿಮ್ಮಡಿ ಒರೆಸಿದಳು. ಹದಿನೆಂಟು ವರ್ಷ ನರ್ಸಾಗಿ ದುಡಿದವಳು ಅವಳು. ಹೆಣ ಅವಳಿಗೆ ಹೊಸದಲ್ಲ.

ಪಲ್ಕಿತ್ ಊರಿನ ಶಾಲೆಗೆ ನೀರು ಹೊರುತ್ತಿದ್ದವಳು. ಮದುವೆಯಾಗದೆ ತಮ್ಮ ತೋಬ್ದೆನ್‌ನ ಮನೆಯಲ್ಲೇ ಎಪ್ಪತ್ತೆರಡು ವರ್ಷ ಕಳೆದಳು. ಅಂಗ್ರೂಪ್ ಆಗ ಅದೇ ಶಾಲೆಯ ಹೆಡ್‌ಮೇಷ್ಟ್ರು. ಲಾಹೌಲ್ ಕಣಿವೆಯ ಈ ಮೂಲೆಗೆ ಅಕ್ಷರ ತಂದವರೆಂದು ಪ್ರಶಸ್ತಿ ಪಡೆದವರು. ಕಣಿವೆಯ ಗಣ್ಯರನ್ನು ಕುರಿತ ಪುಸ್ತಕದಲ್ಲಿ ಮೊದಲ ಫೋಟೋ ಅವರದೇ.

*

ಹಿಮ ಬಿದ್ದು ದಾರಿ ಮುಚ್ಚುವ ಮೊದಲೇ ಮೇಷ್ಟ್ರು ಘಟ್ಟ ದಾಟಿ ಕುಲ್ಲೂವಿನ ಮನೆಗೆ ಇಳಿದುಬಿಡುತ್ತಿದ್ದರು. ಮತ್ತೆ ಮುಖ ತೋರಿಸುತ್ತಿದ್ದದ್ದು ಮೇ ತಿಂಗಳಲ್ಲಿ. ಹಾಜರಿ ಪುಸ್ತಕದಲ್ಲಿ ಮಾತ್ರ ಒಂದು ದಿನವೂ ತಪ್ಪದೆ ಅವರ ಸಹಿ ಇರುತ್ತಿತ್ತು. ಆ ತಿಂಗಳುಗಳಲ್ಲಿ ಸಗಣಿ ಬೆರಣಿಯ ಒಲೆ ಹೊತ್ತಿಸಿ, ಮಕ್ಕಳನ್ನು ಸುತ್ತ ಕೂರಿಸಿಕೊಂಡು ಪಾಠ ಹೇಳಿದವಳು ಐದನೇ ಕ್ಲಾಸು ಓದಿದ್ದ ಪಲ್ಕಿತ್. ತನಗೆ ಬಾರದ ಲೆಕ್ಕವನ್ನು ಮಠದ ಲಾಮಾರ ಹತ್ತಿರ ಕಲಿತು ಬಂದು ಮರುದಿನ ಕಲಿಸುತ್ತಿದ್ದಳು.

ಪ್ರಶಸ್ತಿಯ ವಿಚಾರಣೆಗೆ ಅಧಿಕಾರಿಯೊಬ್ಬರು ಬಂದಾಗ ಯುದೋನಳಿಗೆ ಹದಿನಾರು. ನರ್ಸ್ ತರಬೇತಿಗೆ ಶಿಫಾರಸು ಪತ್ರ ಕೊಡುವುದಾಗಿ ಮೇಷ್ಟ್ರು ಹೇಳಿದ್ದರು.

"ನಿನಗೆ ಓದು ಕಲಿಸಿದ್ದು ಯಾರಮ್ಮ?" ಎಂದು ಅಧಿಕಾರಿ ಕೇಳಿದರು.

ಪಲ್ಕಿತ್ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಅಂಗ್ರೂಪ್ ಮೇಷ್ಟ್ರು," ಎಂದಳು ಯುದೋನ್.

ಪಲ್ಕಿತ್ ಚಹಾ ಇಟ್ಟು ನೀರಿಗೆ ಹೋದಳು. ಯುದೋನ್ ತರಬೇತಿಗೆ ಹೊರಟ ದಿನ ಹುರಿದ ಬಾರ್ಲಿ ಹಿಟ್ಟಿನ ಗಂಟು ತಂದುಕೊಟ್ಟಳು. ಆ ಮಾತನ್ನು ಎಂದೂ ಎತ್ತಲಿಲ್ಲ. ಒಂದು ಸಲ ಬೈದಿದ್ದರೂ ಯುದೋನ್ ಸುಧಾರಿಸಿಕೊಳ್ಳುತ್ತಿದ್ದಳೇನೋ.

*

ಸತ್ತವಳಿಗೆಂದು ತಂದಿದ್ದ ಬಿಳಿ ರೇಷ್ಮೆ ಶಾಲುಗಳಲ್ಲಿ ಮೂರನ್ನು ಜನ ಮೇಷ್ಟ್ರ ಕೊರಳಿಗೆ ಹಾಕಿದ್ದರು. ಅಂಗಳದಲ್ಲಿ ಬೆಣ್ಣೆ ಚಹಾ ಕುಡಿಯುತ್ತ ಅವರು ಮಾತಾಡಿದರು. ಇಂಥ ನಂಬಿಕಸ್ಥ ಕೆಲಸದವಳನ್ನು ಬೇರೆಲ್ಲೂ ಕಾಣಲಿಲ್ಲವೆಂದರು. ತಾವು ಪಾಠ ಹೇಳುವಾಗ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳೆಂದರು. ಪುಸ್ತಕ ಮರುಮುದ್ರಣವಾಗುತ್ತಿದೆಯಂತೆ, ತಮ್ಮ ಅಧ್ಯಾಯದಲ್ಲಿ ಅವಳ ಬಗ್ಗೆಯೂ ಎರಡು ಸಾಲು ಸೇರಿಸುವರಂತೆ. ಮೀಸೆಗಂಟಿದ್ದ ಬೆಣ್ಣೆಯನ್ನು ಶಾಲಿನ ತುದಿಯಿಂದ ಒರೆಸಿಕೊಂಡು, ಯುದೋನಳನ್ನು ತೋರಿಸಿ, "ಇವಳು ನನ್ನ ಶಿಷ್ಯೆ. ನಾಲ್ಕು ಮಾತು ಹೇಳಮ್ಮ," ಎಂದರು.

ಯುದೋನ್ ಎದ್ದು ನಿಂತಳು.

"ನನಗೆ ಅಕ್ಷರ ಕಲಿಸಿದ್ದು ಪಲ್ಕಿತ್ ಅತ್ತೆ. ಇಲ್ಲಿ ಕೂತಿರೋ ಅರ್ಧ ಜನಕ್ಕೂ ಅವಳೇ. ಚಳಿಗಾಲದಲ್ಲಿ ನೀವು ಊರಲ್ಲೇ ಇರ್ತಿರ್ಲಿಲ್ಲ ಮೇಷ್ಟ್ರೇ. ಅವತ್ತು ನಾನು ಸುಳ್ಳು ಹೇಳಿದೆ."

ಅಂಗಳದ ಜನ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ತಲೆದೂಗಿದರು.

"ಸರಿಯಾಗೇ ಹೇಳಿದ್ಲು. ನಾನೇ ಹೇಳಿ ಹೋಗ್ತಿದ್ದೆ, ಮಕ್ಕಳನ್ನ ನೋಡ್ಕೋ ಅಂತ. ಅದನ್ನೂ ಬರೆಸೋಣ."

ಎಲ್ಲರಿಗೂ ಜೀವ ಬಂದಂತಾಯಿತು. ಯಾರೋ ಅವರ ಬಟ್ಟಲಿಗೆ ಮತ್ತಷ್ಟು ಚಹಾ ಸುರಿದರು. ತೋಬ್ದೆನ್ ಯುದೋನಳ ಪಕ್ಕಕ್ಕೆ ಸರಿದು ಪಿಸುಗುಟ್ಟಿದ: "ಇವತ್ತು ಬೇಡವಾಗಿತ್ತು ಕಣಮ್ಮ. ಮೊಮ್ಮಗಳ ಕೆಲಸಕ್ಕೆ ಅವರದೊಂದು ಕಾಗದ ಬೇಕಾಗಿದೆ."

ಯುದೋನಳಿಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು. ಆದರೆ ಅವನ ಮೇಲೆ ಸಿಟ್ಟಾಗಲು ತನಗೆ ಯಾವ ಮುಖವಿದೆ? ಹೆಣ ಎತ್ತಲು ಹೊತ್ತಾಯಿತೆಂದು ಒಳಗೆ ಹೋದಳು.

ನದಿಯ ದಂಡೆಯಲ್ಲಿ ಚಿತೆ ಇನ್ನೂ ಅರ್ಧ ಉರಿದಿರಲಿಲ್ಲ, ಮೇಷ್ಟ್ರು ಹೊರಟುನಿಂತರು. ಅವರು ಕಾರು ಹತ್ತುವಷ್ಟರಲ್ಲಿ ಗಾಳಿ ತಿರುಗಿತು. ಬೂದಿ ತೇಲಿಬಂದು ಮುಂದಿನ ಗಾಜಿನ ತುಂಬ ಕೂತಿತು. ಡ್ರೈವರ್ ನೀರು ಚಿಮ್ಮಿಸಿ ವೈಪರ್ ಹಾಕಿದ. ಅದು ಎರಡು ಸಲ ಅತ್ತಿಂದಿತ್ತ ಆಡಿತು. ಬೂದುಬಣ್ಣದ ರಾಡಿ ಗಾಜಿನಂಚಿನಿಂದ ರಸ್ತೆಗೆ ತೊಟ್ಟಿಕ್ಕಿತು. ಕಾರು ಅದನ್ನು ತುಳಿದುಕೊಂಡು ಮುಂದೆ ಹೋಯಿತು.