ಬಲಗಡೆ ಖಾಲಿ ಇದೆ

ತೊಳಿ ನನ್ನ, ಎಂದು ಯಾರೋ ಬೆರಳಲ್ಲಿ ಗೀಚಿದ್ದಾರೆ, ಮುಂದಿನ ವ್ಯಾನಿನ ಹಿಂಬಾಗಿಲ ಧೂಳಿನ ಮೇಲೆ, ಅಕ್ಷರ ದುಂಡಗಿದೆ, ಬರೆದವರಿಗೆ ಪುರುಸೊತ್ತಿತ್ತು, ನನಗೂ ಈಗ ಬೇಕಾದಷ್ಟಿದೆ, ವ್ಯಾನು ಕದಲದೆ ಎಷ್ಟೋ ಹೊತ್ತಾಯಿತು. ಕಣ್ಣಿಗೆ ಕಂಡದ್ದನ್ನ ಹೇಳ್ತಾ ಹೋಗಿ ಅಮ್ಮಾ, ಎಂದು ಡ್ರೈವಿಂಗ್ ಮೇಷ್ಟ್ರು ಮೊದಲ ಪಾಠದಲ್ಲೇ ಹೇಳಿದ್ದರು, ಬಾಯಿಗೆ ಕೆಲಸ ಇದ್ರೆ ತಲೆ ಊರು ಸುತ್ತೋಕೆ ಹೋಗಲ್ಲ. ಸರಿ, ಹೇಳುತ್ತೇನೆ, ತುಟಿ ಬಿಚ್ಚದೆ. ವ್ಯಾನು. ಧೂಳು. ಅದರಾಚೆ ಬಸ್ಸಿನ ಬೆನ್ನು. ಬಸ್ಸಿನಾಚೆ ರಸ್ತೆ ಎಡಕ್ಕೆ ತಿರುಗಿ ಮರೆಯಾಗುತ್ತದೆ, ತಿರುವಿನಾಚೆ ಸೇತುವೆ, ಅದರ ಅರ್ಧವನ್ನು ಅಗೆದು ಹಾಕಿದ್ದಾರೆ, ಉಳಿದ ಅರ್ಧದ ಮೇಲೆ ಒಂದು ಸಲ ಈ ಕಡೆಯವರು, ಒಂದು ಸಲ ಆ ಕಡೆಯವರು. ಅಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ, ಕೈಯಲ್ಲಿ ಕೋಲಿಗೆ ಸಿಕ್ಕಿಸಿದ ದುಂಡು ಫಲಕ, ಒಂದು ಮುಖ ಕೆಂಪು, ಒಂದು ಮುಖ ಹಸಿರು, ಅವನು ಅದನ್ನು ತಿರುಗಿಸುವ ತನಕ ನಾವೆಲ್ಲ ಹೀಗೇ. ಬಲಕ್ಕೆ, ನಮ್ಮ ಪಕ್ಕದಲ್ಲೇ, ಎದುರಿನವರ ರಸ್ತೆ. ಖಾಲಿ. ಒಂದು ಹಕ್ಕಿ ಅದರ ನಡುವೆ ನಡೆದಾಡುತ್ತಿದೆ, ಅದಕ್ಕೂ ಅವಸರವಿಲ್ಲ. ಹಕ್ಕಿ, ಡಾಂಬರು, ಬಿಳಿ ಗೆರೆ — ಸಾಕು, ಅತ್ತ ನೋಡಬೇಡ.

ಎಡಗಡೆ ಸೀಟಿನಲ್ಲಿ ಅತ್ತೆಯ ಕಾಲು ತುಳಿಯುತ್ತಲೇ ಇದೆ. ಅವರ ಕಾಲ ಕೆಳಗೆ ಬ್ರೇಕೂ ಇಲ್ಲ, ಹೊಲಿಗೆ ಯಂತ್ರವೂ ಇಲ್ಲ, ರಬ್ಬರ್ ಹಾಸು ಮಾತ್ರ, ಆದರೂ ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು, ಒಂದು ಶಾಲೆಯ ಮಕ್ಕಳಿಗೆಲ್ಲ ಸಮವಸ್ತ್ರ ಹೊಲಿದ ಕಾಲು, ಗಂಡ ತೀರಿಕೊಂಡ ಮೇಲೆ ಅದೇ ತುಳಿತದಲ್ಲಿ ಮಗನನ್ನು ಓದಿಸಿದ ಕಾಲು. ಈಗ ಕಣ್ಣಿಗೆ ಪೊರೆ. ದಿನಾ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಮುಂಚೆ ಅವರ ಸೂಜಿಗಳಿಗೆಲ್ಲ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತೇನೆ, ಕೆಂಪು ಒಂದು ಸಾಲು, ಬಿಳಿ ಒಂದು ಸಾಲು, ಸಂಜೆ ಬರುವಾಗ ದಿಂಬು ಬೋಳಾಗಿರುತ್ತದೆ, ಅವರು ಕಿಟಕಿಯ ಬಳಿ ಕೈಕಟ್ಟಿ ಕೂತಿರುತ್ತಾರೆ. ಸೂಜಿ ಕಣ್ಣೇ ಕಾಣದ ದರ್ಜಿ ಇದ್ದರೆಷ್ಟು ಬಿಟ್ಟರೆಷ್ಟು, ಎನ್ನುತ್ತಾರೆ. ಇವತ್ತು ಆಪರೇಷನ್. ಹನ್ನೊಂದರೊಳಗೆ ಬಂದುಬಿಡಿ, ಆಮೇಲೆ ಬಂದ್ರೆ ಇವತ್ತಂತೂ ಇಲ್ಲ, ನಾಳೆಯಿಂದ ಡಾಕ್ಟರು ರಜೆ, ಇನ್ನು ಮಳೆಗಾಲ ಕಳೆದ ಮೇಲೇನೇ, ಎಂದು ನರ್ಸ್ ಫೋನಿನಲ್ಲಿ ಖಡಕ್ಕಾಗಿ ಹೇಳಿದ್ದಾಳೆ. ಗಂಟೆ ಎಷ್ಟಾಯ್ತೇ. ಹತ್ತೂವರೆ ಅತ್ತೆ. ಆಗಲೇ ಹತ್ತೂವರೆ ಅಂದೆಯಲ್ಲೇ. ಆಗ ಹತ್ತೂಕಾಲು ಅಂದೆ. ಅಂತೂ ನಿನ್ನ ಗಡಿಯಾರ ಓಡುತ್ತೆ, ಗಾಡಿ ಓಡಲ್ಲ.

ಹಿಂದೆ ಯಾರೋ ಹಾರ್ನಿನ ಮೇಲೆ ಕೈಯಿಟ್ಟು ಮಲಗಿಬಿಟ್ಟಿದ್ದಾರೆ. ಹಾರ್ನ್ ಒತ್ತಿದ್ರೆ ರಸ್ತೆ ಅಗಲ ಆಗಲ್ಲ ಅಮ್ಮಾ, ಕಿವಿ ಚಿಕ್ಕದಾಗುತ್ತೆ ಅಷ್ಟೇ, ಮೇಷ್ಟ್ರದೇ ಮಾತು, ಆ ದಿನ ನಕ್ಕಿರಲಿಲ್ಲ, ನಗು ಎಲ್ಲೋ ಬಿದ್ದುಹೋಗಿತ್ತು, ಈಗಲೂ ಸಿಕ್ಕಿಲ್ಲ, ಹುಡುಕುತ್ತಲೂ ಇಲ್ಲ. ಉಸಿರು ಒಳಗೆ. ಉಸಿರು ಹೊರಗೆ. ಭುಜ ಕಿವಿಯ ತನಕ ಏರಿದೆ, ಇಳಿಸು. ಸ್ಟಿಯರಿಂಗನ್ನು ಕತ್ತು ಹಿಸುಕಿದ ಹಾಗೆ ಹಿಡಿದಿದ್ದೇನೆ, ಸಡಿಲಿಸು. ನನ್ನ ಗಂಡ ಒಂದೇ ಕೈಯಲ್ಲಿ ಹಿಡಿಯುತ್ತಿದ್ದ, ಇನ್ನೊಂದು ಕೈ ಕಿಟಕಿಯ ಹೊರಗೆ, ಸಾಲು ನಿಂತದ್ದು ಕಂಡರೆ ಸಾಕು ಕಾಲು ಕುಣಿಯುತ್ತಿತ್ತು, ತಾಯಿಯ ಕಾಲೇ. ನಾನು ಪಕ್ಕದಲ್ಲಿ ಪುಸ್ತಕ ಮುಚ್ಚಿ, ಬೇಡ, ಸಾಲಿನಲ್ಲೇ ಇರು, ಎನ್ನುವುದರೊಳಗೆ ಗಾಡಿ ಬಲಕ್ಕೆ ಬಂದಿರುತ್ತಿತ್ತು. ಸಿಗ್ನಲ್ ಹಾಕಿದ್ದೀನಲ್ಲ ಪಂಡಿತರೇ, ಹೇಳಿ ಕೇಳಿ ಹೋಗ್ತಿದ್ದೀನಿ, ಕದ್ದು ಹೋಗ್ತಿಲ್ಲ. ಪಂಡಿತರೇ — ನಾನು ತರ್ಕಶಾಸ್ತ್ರ ಓದಿದ್ದಕ್ಕೆ. ತಪ್ಪು ದಾರಿಗೂ ಸರಿಯಾದ ಸಿಗ್ನಲ್, ಅದು ಅವನ ತರ್ಕ. ಅವನು ಹೋದ ದಿನ ಪಕ್ಕದಲ್ಲಿ ನಾನಿರಲಿಲ್ಲ. ಅದೂ ಹೀಗೇ ಅರ್ಧ ಅಗೆದ ರಸ್ತೆ, ಹೀಗೇ ಒಂದು ತಿರುವು, ಹೀಗೇ ಖಾಲಿ. ಅವನ ಜೊತೆ ಕೆಲಸ ಮಾಡುವವರು ಬಂದು ನನ್ನನ್ನು ಬೈಕಿನಲ್ಲಿ ಕರೆದುಕೊಂಡು ಹೋದರು, ಲಾರಿಯ ಮುಂದೆ ತಗಡಿನ ಮುದ್ದೆ, ರಸ್ತೆಯ ಬದಿಯಲ್ಲಿ ಲಾರಿಯವನು ಎರಡೂ ಕೈಯಲ್ಲಿ ತಲೆ ಹಿಡಿದು ಕುಕ್ಕರುಗಾಲಿನಲ್ಲಿ ಕೂತಿದ್ದ, ಮುದ್ದೆಯ ಹಿಂದಿನ ಮೂಲೆಯಲ್ಲಿ ಬಲಗಡೆಯ ಕಿತ್ತಳೆ ದೀಪ, ಹತ್ತುತ್ತಿತ್ತು, ಆರುತ್ತಿತ್ತು, ಅದನ್ನು ಆರಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಮಗನಿಗೆ ಲಾರಿ ಹೊಡೆಯಿತು ಎಂದಷ್ಟೇ ಅತ್ತೆಗೆ ಗೊತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ದಿನಾ ಸಂಜೆ ಬಾಗಿಲ ದೀಪ ಹಾಕುವಾಗ ಒಂದು ಸಲ ಶಪಿಸುತ್ತಾರೆ, ಆ ಲಾರಿಯವನ ಕೈಗೆ ಲಕ್ವ ಹೊಡೀಲಿ. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತೇನೆ.

ಒಂದು ಕೆಂಪು ಕಾರು ಸಾಲಿನಿಂದ ಹೊರಬಂದು ನಮ್ಮನ್ನು ದಾಟಿತು, ಹಕ್ಕಿ ಹಾರಿತು, ಕಾರು ತಿರುವಿನ ತನಕ ಹೋಗಿ ಬಸ್ಸಿನ ಮುಂದೆ ಮೂತಿ ತೂರಿಸಿತು. ನೋಡಿದೆಯಾ, ಹೋದ. ನೋಡಿದೆ ಅತ್ತೆ. ಬಲಗಡೆ ಖಾಲಿ ಇದೆ ಕಣೇ, ನನಗೇ ಕಾಣ್ತಿದೆ, ಈ ಕುರುಡಿಗೆ. ಕಾಲು ಜೋರಾಯಿತು, ಹಿಮ್ಮಡಿ, ಬೆರಳು. ನನ್ನ ಮಗ ಇದ್ದಿದ್ರೆ ಇಷ್ಟೊತ್ತಿಗೆ ಆಸ್ಪತ್ರೆ ಮಂಚದ ಮೇಲಿರ್ತಿದ್ದೆ. ಮಾತು ಒಳಗೆ ಎಲ್ಲೋ ಬಿತ್ತು, ಬಿದ್ದ ಸದ್ದು ಕೇಳಲಿಲ್ಲ, ಆದರೆ ಕೈ ಕೇಳಿಸಿಕೊಂಡಿದೆ, ಕೈ ಆಗಲೇ ಸಿಗ್ನಲ್ ಕಡ್ಡಿಯನ್ನು ಒತ್ತಿದೆ, ಟಿಕ್ ಟಿಕ್, ಸ್ಟಿಯರಿಂಗ್ ಬಲಕ್ಕೆ ಒಂದು ಬೆರಳಿನಷ್ಟು ತಿರುಗಿದೆ, ಎಷ್ಟು ಹಗುರ, ಇಡೀ ಮಳೆಗಾಲ ಆ ಬೋಳು ದಿಂಬನ್ನು ನೋಡಬೇಕಿಲ್ಲ, ಒಂದು ತಿರುವು, ಅಷ್ಟೇ, ಹೋಗು, ಹೇಳಿ ಕೇಳಿ ಹೋಗು. ಏನು ಕಾಣ್ತಿದೆ ಅಮ್ಮಾ, ಹೇಳಿ, ಮೇಷ್ಟ್ರ ದನಿ. ಡಾಂಬರು. ಬಿಳಿ ಗೆರೆ. ತಿರುವು, ಆ ಕಡೆ ಏನಿದೆಯೋ ಕಾಣುವುದಿಲ್ಲ. ಖಾಲಿ — ಅಲ್ಲ, ಅದು ಖಾಲಿಯಲ್ಲ, ಅದು ಅವರ ಸರದಿ, ಇನ್ನೂ ಬಂದಿಲ್ಲ ಅಷ್ಟೇ. ಗೇರು ತೆಗೆದೆ. ಹ್ಯಾಂಡ್‌ಬ್ರೇಕ್ ಎಳೆದೆ, ಕಟಕಟ ಎಂದು ಕೊನೆಯ ಹಲ್ಲಿನವರೆಗೂ ಎಳೆದೆ. ನಾನು ಹೋಗಲ್ಲ ಅತ್ತೆ. ಹನ್ನೊಂದು ಹೊಡೆದ್ರೂ ಹೋಗಲ್ಲ. ನನ್ನದೇ ದನಿ, ಇಷ್ಟು ಸ್ಪಷ್ಟವಾಗಿ ಕೇಳಿ ಬಹಳ ದಿನವಾಗಿತ್ತು. ಆ ದಿನ ನಿಮ್ಮ ಮಗನೂ ಹೀಗೇ ಬಲಕ್ಕೆ ಹೋಗಿದ್ದು.

ಅತ್ತೆಯ ಕಾಲು ನಿಂತಿತು. ಆಗಲೇ ತಿರುವಿನಿಂದ ಹಾಲಿನ ಟ್ಯಾಂಕರ್ ಬಂತು, ರಸ್ತೆ ತುಂಬ, ಗಾಳಿ ಬಡಿದು ನಮ್ಮ ಕಾರು ಒಮ್ಮೆ ಅಲುಗಿತು, ಅದರ ಬೆನ್ನಿಗೆ ಬಸ್ಸು, ಬಸ್ಸಿನ ಬೆನ್ನಿಗೆ ಜಲ್ಲಿ ತುಂಬಿದ ಲಾರಿ, ಅವರಿಗೆಲ್ಲ ಹಸಿರು, ಅವರ ತಪ್ಪೇನೂ ಇಲ್ಲ. ಹಾಗಾದ್ರೆ ಆ ಲಾರಿಯವನು, ಎಂದರು. ಅವನ ಸರದಿ ಇತ್ತು ಅತ್ತೆ. ಅವರು ಮುಂದೆ ನೋಡುತ್ತ ಕೂತರು, ಪೊರೆಗಣ್ಣಿಗೆ ಏನು ಕಾಣುತ್ತದೋ, ಮಡಿಲಲ್ಲಿ ಹೆಬ್ಬೆರಳು ತೋರುಬೆರಳು ಒಂದನ್ನೊಂದು ಉಜ್ಜುತ್ತಿವೆ, ದಾರದ ತುದಿ ಹೊಸೆಯುವ ಹಾಗೆ. ಚಿಕ್ಕವನಿದ್ದಾಗ, ದಾರ ಗಂಟು ಬಿದ್ರೆ ಎಳೀಬೇಡ ಮರಿ, ಕಾಲು ಎತ್ತಿ ಸುಮ್ಮನೆ ಕೂರು, ಆಮೇಲೆ ಬಿಡಿಸೋಣ ಅಂತ ಎಷ್ಟು ಸಲ ಹೇಳಿದ್ದೆ, ಕೇಳ್ತಿರಲಿಲ್ಲ, ಯಂತ್ರದ ಮುಂದೆ ಕೂತ್ರೆ ಸಾಕು ಎಳೆದೂ ಎಳೆದೂ ಸೂಜಿ ಮುರೀತಿದ್ದ. ಅಳುತ್ತಿದ್ದಾರೋ ಎಂದು ನೋಡಿದೆ, ಇಲ್ಲ. ನಾನೂ ಅಳುತ್ತಿಲ್ಲ. ಹಾರ್ನು ನಿಂತಿದೆ. ಹನ್ನೊಂದಾದ್ರೆ ಆಗಲಿ ಬಿಡೇ, ಮಳೆಗಾಲ ಕಳೆಯೋವರೆಗೂ ನೀನೇ ಪೋಣಿಸಿಕೊಡು. ಪೋಣಿಸ್ತೀನಿ ಅತ್ತೆ. ಅದೇನೇ ಅದು, ಟಿಕ್ ಟಿಕ್ ಅಂತ. ಸಿಗ್ನಲ್ ಅತ್ತೆ. ಯಾಕೆ ಹಾಗೇ ಬಿಟ್ಟಿದ್ದೀಯ, ಆರಿಸು. ಮುಂದಿನ ವ್ಯಾನಿನ ಕೆಂಪು ದೀಪ ಆರಿತು, ಫಲಕ ತಿರುಗಿರಬೇಕು, ಧೂಳಿನ ಮೇಲಿನ ದುಂಡು ಅಕ್ಷರ ಮೆಲ್ಲಗೆ ದೂರ ಸರಿಯುತ್ತಿದೆ, ನಮ್ಮ ಸರದಿ, ಹೋಗಬೇಕು, ಸಾಲಿನಲ್ಲೇ, ಕಡ್ಡಿಯ ಮೇಲೆ ಬೆರಳಿಟ್ಟಿದ್ದೇನೆ, ಆರಿಸುತ್ತೇನೆ, ಈ ಸಲ ಆರಿಸುವುದು ನಾನೇ, ತಗಡಿನ ಮುದ್ದೆ, ಅದರ ಮೂಲೆ, ಕಿತ್ತಳೆ ದೀಪ, ಹತ್ತುತ್ತದೆ, ಆರುತ್ತದೆ, ಹತ್ತುತ್ತದೆ —